ಅಣಬೆಯ ಜಾಗ

ಮತೊಶೆಕ್ ಮೂವತ್ತೊಂದು ವರ್ಷ ಬರ್ನೋ ಪಟ್ಟಣದಲ್ಲಿ ಟ್ರಾಮ್ ಓಡಿಸಿದವನು. ಹಳಿ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಹೋಗುವುದೇ ಅವನ ಜಾಯಮಾನ. ಅಂಥವನು ಅಣಬೆಗೆ ಹೊರಟರೆ ಮಾತ್ರ ನೇರ ದಾರಿ ಹಿಡಿಯುತ್ತಿರಲಿಲ್ಲ. ಒಂದು ನಿಲ್ದಾಣ ಮೊದಲೇ ರೈಲಿನಿಂದ ಇಳಿಯುವನು, ಬೂಟಿನ ದಾರ ಕಟ್ಟುವ ನೆಪದಲ್ಲಿ ಎರಡು ಸಲ ಬಗ್ಗಿ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುವನು, ಆಮೇಲೆ ಕಾಡಿನೊಳಗೆ ನುಸುಳುವನು.

ಸೆಪ್ಟೆಂಬರಿನ ಆ ಶನಿವಾರ ಬುಟ್ಟಿ ಹಿಡಿದು ಅವನ ಹಿಂದೆ ನಡೆದವಳು ಅವನ ಮನೆಯಲ್ಲಿ ಬಾಡಿಗೆಗಿದ್ದ ಸ್ತಮಾತಿಯಾ. ಗ್ರೀಸಿನ ಸೀರೋಸ್ ದ್ವೀಪದ ಹುಡುಗಿ. ಮೂರು ಹೆಣ್ಣುಗಳ ಮೇಲೆ ನಾಲ್ಕನೆಯವಳಾಗಿ ಹುಟ್ಟಿದ್ದಕ್ಕೆ ಇನ್ನಾದರೂ ನಿಲ್ಲಲಿ ಎಂದು ಇಟ್ಟ ಹೆಸರು ಅದು, ನಮ್ಮ ಸಾಕಮ್ಮನ ಹಾಗೆ. ಭೂಮಾಪನ ಓದಲು ಫೆಬ್ರವರಿಯಲ್ಲಿ ಬಂದಿದ್ದಳು. ಅಂದಿನಿಂದ ಮತೊಶೆಕ್ ಅವಳೊಡನೆ ಆಡಿದ್ದು ಕಿಟಕಿ ಹಾಕು, ಕಸ ಬೇರೆ ಮಾಡು, ಒಳಗೆ ಬರುವಾಗ ಚಪ್ಪಲಿ ಬದಲಾಯಿಸು ಎಂಬ ಮೂರು ಮಾತು. ಅವಳು ಕಾಲೇಜಿನಿಂದ ಬರುವ ಹೊತ್ತಿಗೆ ಮನೆಯೊಳಗೆ ಮೆಟ್ಟುವ ಚಪ್ಪಲಿಯನ್ನು ಬಾಗಿಲ ಬಳಿ ಜೋಡಿಸಿಟ್ಟಿರುತ್ತಿದ್ದ. ಅದೇ ಅವನ ಪ್ರೀತಿ ಎಂದು ತಿಳಿಯಲು ಅವಳಿಗೆ ಬೇಸಿಗೆ ಕಳೆಯಬೇಕಾಯಿತು.

ಅಂಥವನು ಶುಕ್ರವಾರ ಊಟದ ನಡುವೆ, "ನಾಳೆ ಆರಕ್ಕೆ ಹೊರಡ್ಬೇಕು, ಬೂಟು ಹಾಕ್ಕೊ" ಎಂದಾಗ ಅವನ ಹೆಂಡತಿ ಲಿಬುಶೆಯ ಕೈಯ ಸೌಟು ಅಲ್ಲೇ ನಿಂತಿತು. ಸ್ವಂತ ಅಣ್ಣನ ಮಕ್ಕಳನ್ನೂ ಅಲ್ಲಿಗೆ ಕರೆದೊಯ್ಯದ ಮನುಷ್ಯ. ಸ್ತಮಾತಿಯಾ ಅದನ್ನು ಗಮನಿಸಲಿಲ್ಲ, ವಿಹಾರಕ್ಕೆ ಹೊರಟವಳಂತೆ ಖುಷಿಯಲ್ಲಿದ್ದಳು.

ಜಾಗ ನೋಡಿ ಅವಳ ಕಣ್ಣು ಅರಳಿತು. ಬೀಚ್ ಎಂಬ ಜಾತಿಯ ದೊಡ್ಡ ಮರಗಳ ಕೆಳಗೆ, ಪಾಚಿಯ ಮೇಲೆ, ಕಂದು ತಲೆಯ ದಪ್ಪ ಅಣಬೆಗಳು. ಎರಡು ಬುಟ್ಟಿ ತುಂಬಿದರೂ ಇನ್ನೂ ಇದ್ದವು. ಮತೊಶೆಕ್ ಬುಡಕ್ಕೆ ಚಾಕು ಇಟ್ಟು ಕೊಯ್ದು, ಕೊಯ್ದಲ್ಲಿ ಎಲೆ ಮುಚ್ಚಿ, ಮರಿಗಳನ್ನು ಮುಟ್ಟದೆ ಬಿಟ್ಟ. ಅವಳು ಫೋಟೋ ತೆಗೆದಳು.

ಸೀರೋಸಿನಲ್ಲಿ ಅಂಜೂರ ಹಣ್ಣಾದರೆ ಬೀದಿಯವರನ್ನೆಲ್ಲ ಕೂಗಿ ಕರೆಯದವರು ಮನುಷ್ಯರೇ ಅಲ್ಲ. ಆ ನೀರು ಕುಡಿದು ಬೆಳೆದವಳು ಸುಮ್ಮನಿರುತ್ತಾಳೆಯೇ? ಅಂದೇ ಸಂಜೆ ಫೋಟೋವನ್ನೂ ನಕ್ಷೆಯನ್ನೂ ಸಹಪಾಠಿಗಳ ಗುಂಪಿಗೆಲ್ಲ ಕಳಿಸಿದಳು. ಬೇಕಾದಷ್ಟಿದೆ, ಮುಂದಿನ ಶನಿವಾರ ಎಲ್ಲರೂ ಬನ್ನಿ ಎಂದು ಬರೆದಳು. ಓದುತ್ತಿದ್ದುದೇ ಭೂಮಾಪನ, ಹೇಳಿದ ಜಾಗ ಒಂದು ಗೇಣೂ ಹೆಚ್ಚುಕಡಿಮೆ ಆಗುವಂತಿರಲಿಲ್ಲ. ಗುಂಪಿನಲ್ಲಿದ್ದ ಇಬ್ಬರು ಬರ್ನೋದ ಹುಡುಗರು ತುಟಿ ಪಿಟಕ್ಕೆನ್ನಲಿಲ್ಲ. ಅವರು ಬುಧವಾರವೇ ಹೋಗಿ ಬಂದಿದ್ದರು.

ಶನಿವಾರ ಮತೊಶೆಕ್ ಮತ್ತು ಸ್ತಮಾತಿಯಾ ಹೋದಾಗ ಪಾಚಿ ಎದ್ದು ಮಣ್ಣು ಕಾಣುತ್ತಿತ್ತು. ಮರಿ ಅಣಬೆಗಳೂ ಉಳಿದಿರಲಿಲ್ಲ. ಮರದ ಬುಡದಲ್ಲಿ ಕಂಬಳಿ ಹಾಸಿ ಬ್ರೆಡ್ಡು ತಿನ್ನುತ್ತ ಕೂತಿದ್ದ ಐದಾರು ಮಂದಿ ಅವಳ ಹೆಸರು ಹಿಡಿದು ಕೈ ಬೀಸಿ ಕರೆದರು.

ಮತೊಶೆಕ್ ಅವರನ್ನು ನೋಡಿದ, ಅವಳನ್ನು ನೋಡಿದ.

"ನೀನು ಹೇಳಿದ್ಯಾ?"

"ಹೂಂ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ದಾರಿ ರೈಲಿನ ಕಿಟಕಿಯಾಚೆ ನೋಡುತ್ತ ಕೂತ. ಸೋಮವಾರ ಅವಳು ಕಾಲೇಜಿನಿಂದ ಬಂದಾಗ ಬಾಗಿಲ ಬಳಿ ಚಪ್ಪಲಿ ಇರಲಿಲ್ಲ. ಕಪಾಟಿನೊಳಗೆ ಹುಡುಕಿಕೊಂಡಳು.

ವಿಷಯ ತಿಳಿಸಿದವಳು ಲಿಬುಶೆ. ಆ ಜಾಗ ಅವಳ ತಾಯಿಯದು. ಮದುವೆಯಾದ ಹೊಸದರಲ್ಲಿ ಮತೊಶೆಕ್ ಅತ್ತೆಯನ್ನು ಕೇಳಿದ್ದನಂತೆ. ಮಗಳನ್ನು ಕೊಟ್ಟಿದ್ದೀನಲ್ಲ, ಅಷ್ಟು ಸಾಲದೇ ಎಂದಿದ್ದಳಂತೆ ಅವಳು. ಹನ್ನೆರಡು ವರ್ಷ ಅತ್ತೆಗೆ ಕಟ್ಟಿಗೆ ಒಡೆದುಕೊಟ್ಟ ಮೇಲೆ ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ ತೋರಿಸಿದಳು. ಅಲ್ಲಿಯ ಅಣಬೆ ಒಣಗಿಸಿ, ಕ್ರಿಸ್‌ಮಸ್ ಹಿಂದಿನ ಸಂಜೆ ಬಾರ್ಲಿಯೊಡನೆ ಬೇಯಿಸಿದರೇ ಈ ಮನೆಯಲ್ಲಿ ಹಬ್ಬ.

"ನಿನ್ನನ್ನ ಮಗಳು ಅಂದ್ಕೊಂಡು ತೋರಿಸಿದ್ರು ಕಣಮ್ಮ," ಎಂದಳು ಲಿಬುಶೆ.

ಸ್ತಮಾತಿಯಾಳಿಗೆ ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಕೋಣೆ ಹೋದರೆ ಇನ್ನೊಂದು ಕೋಣೆ ಸಿಗುತ್ತದೆ. ಬಾಗಿಲ ಬಳಿ ಚಪ್ಪಲಿ ಇಡುವವರು ಎಲ್ಲಿ ಸಿಗುತ್ತಾರೆ? ಮರುದಿನ ಪೇಟೆಗೆ ಹೋಗಿ ಎಲ್ಲಕ್ಕಿಂತ ಒಳ್ಳೆಯ ಒಣ ಅಣಬೆ ಒಂದು ಚೀಲ ತಂದು ಮೇಜಿನ ಮೇಲಿಟ್ಟಳು. ಮತೊಶೆಕ್ ಮೂಸಿ ನೋಡಿ, "ಕೊಂಡದ್ದು" ಎಂದು ಎದ್ದು ಹೋದ. ಗಾಯಕ್ಕೆ ಉಪ್ಪು ಸವರಿದಂತಾಯಿತು.

ಭಾನುವಾರ ಅವಳು ಸೀರೋಸಿಗೆ ಫೋನ್ ಮಾಡಿ ಅಜ್ಜ ಲಿಯೊನಾರ್ದೋಸನಿಗೆ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಅಂಜೂರಕ್ಕೆ ಊರನ್ನೇ ಕರೆಯುವ ಅಜ್ಜ ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ. ಅಂಜೂರ ಬೇರೆ, ಇದು ಬೇರೆ ಎಂದ. ತನ್ನ ಆಕ್ಟೋಪಸ್ ಪೊಟರೆಗಳನ್ನು ಯಾರಾದರೂ ಹೀಗೆ ಹಂಚಿದ್ದರೆ ದೋಣಿಯ ಹುಟ್ಟಿನಲ್ಲಿ ಹೊಡೆಯುತ್ತಿದ್ದೆ ಎಂದ. ಅವಳ ಅಳು ತಟ್ಟನೆ ನಿಂತಿತು. ನೀರಿನಡಿ ಬಂಡೆಯ ಯಾವ ಪೊಟರೆಯಲ್ಲಿ ಆಕ್ಟೋಪಸ್ ಇರುತ್ತದೆಂದು ಅಜ್ಜ ಯಾರಿಗೂ ಹೇಳಿರಲಿಲ್ಲ. ಅವಳು ಹುಟ್ಟಿದಾಗಿನಿಂದ ನೋಡಿದ ವಿಷಯ, ಈಗ ಅರ್ಥವಾಯಿತು.

"ಅಜ್ಜಾ, ಅದ್ರಲ್ಲಿ ಒಂದು ನಂಗೆ ಕೊಡು. ಅವ್ರಿಗೆ ಕೊಡ್ಬೇಕು."

ಫೋನಿನ ಆ ಕಡೆ ಅಜ್ಜ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

"ನಿಮ್ಮಪ್ಪನಿಗೇ ಹೇಳಿಲ್ಲ ಕಣೇ ನಾನು."

"ಗೊತ್ತು. ಅದಕ್ಕೇ ಕೇಳ್ತಿರೋದು."

"ಆ ಟ್ರಾಮಿನವನು ಬಾಯಿಬಡುಕನಾ?"

"ಎಂಟು ತಿಂಗಳಲ್ಲಿ ಎಂಟು ಮಾತಾಡಿದ್ರೆ ಹೆಚ್ಚು."

ಅಜ್ಜ ಉಸಿರು ಬಿಟ್ಟ. "ಬರ್ಕೊ ಹಾಗಾದ್ರೆ."

ಬೆಟ್ಟದ ಮೇಲಿನ ಗಂಟೆಗೋಪುರ ಹುಣಸೆಯಂಥ ಒಂಟಿ ಕ್ಯಾರೋಬ್ ಮರದ ನೇರಕ್ಕೆ ಬರಬೇಕು, ಎಡಕ್ಕೆ ಬಿಳಿ ಬಂಡೆ, ಅಲ್ಲಿಂದ ಹದಿನಾಲ್ಕು ಸಲ ಹುಟ್ಟು ಹಾಕುವಷ್ಟು ದೂರ, ಎರಡಾಳು ಆಳ. ಯಾವ ಯಂತ್ರವೂ ಇಲ್ಲದೆ ಅಜ್ಜ ಸಮುದ್ರವನ್ನು ಇಷ್ಟು ಕರಾರುವಾಕ್ಕಾಗಿ ಅಳೆದಿಟ್ಟಿದ್ದಾನಲ್ಲ ಎಂದು ಭೂಮಾಪನ ಓದುವವಳಿಗೆ ಬೆರಗಾಯಿತು. ಸೀಸದ ಕಡ್ಡಿಯಲ್ಲಿ ನಕ್ಷೆ ಬರೆದಳು. ಪರೀಕ್ಷೆಗೂ ಅಷ್ಟು ಶ್ರದ್ಧೆಯಿಂದ ಬರೆದಿರಲಿಲ್ಲ.

ಸಂಜೆ ಮತೊಶೆಕ್ ಒಲೆಗೆ ಕಟ್ಟಿಗೆ ಹಾಕುತ್ತಿದ್ದ. ಅವಳು ಕಾಗದವನ್ನು ಅವನ ಮುಂದೆ ಹಿಡಿದಳು.

"ಇದು ನಮ್ಮಜ್ಜನ ಜಾಗ. ಅಜ್ಜನಿಗೆ ಗೊತ್ತು, ನಂಗೆ ಗೊತ್ತು. ಈಗ ನಿಮಗೆ."

ಅವನು ಕನ್ನಡಕ ಏರಿಸಿಕೊಂಡು ಕೂತ. ಸಮುದ್ರವನ್ನು ಒಮ್ಮೆ ಮಾತ್ರ ನೋಡಿದ್ದ ಮನುಷ್ಯ ನಕ್ಷೆಯ ಮೇಲೆ ಬೆರಳಾಡಿಸುತ್ತ ಗಂಟೆಗೋಪುರದಿಂದ ಬಂಡೆಗೆ, ಬಂಡೆಯಿಂದ ಪೊಟರೆಗೆ ಹೋದ. ಮತ್ತೆ ಮೊದಲಿನಿಂದ ಹೋದ.

"ಒಂದು ಸಲ ಹಿಡಿದ್ರೆ ಖಾಲಿ ಆಗಲ್ವಾ?"

"ಇಲ್ಲ. ಒಂದು ಹೋದ್ರೆ ಇನ್ನೊಂದು ಬಂದು ಸೇರ್ಕೊಳ್ಳತ್ತೆ. ಪೊಟರೆ ಕೆಡಿಸ್ಬಾರ್ದು ಅಷ್ಟೇ."

"ಅಣಬೆನೂ ಹಾಗೇ," ಎಂದ ಮತೊಶೆಕ್. "ಮಣ್ಣೊಳಗೆ ಜೀವ ಇರತ್ತೆ. ಎರಡು ವರ್ಷ ಬಿಟ್ರೆ ಬರತ್ತೆ."

ಆಮೇಲೆ ಅವನು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಎಣಿಸಿದ. ಹದಿನಾಲ್ಕರವರೆಗೆ ಎಣಿಸಿ, ಒಲೆಯ ಬಾಗಿಲು ತೆರೆದು ಕಾಗದವನ್ನು ಬೆಂಕಿಗೆ ಹಾಕಿದ. ಸ್ತಮಾತಿಯಾ ಹಿಡಿಯಲು ಕೈ ಚಾಚಿದಳು.

"ಇಂಥದ್ದು ಕಾಗದದಲ್ಲಿ ಇರ್ಬಾರ್ದು," ಎಂದು ತನ್ನ ಹಣೆಯನ್ನು ತಟ್ಟಿಕೊಂಡ. "ಶನಿವಾರ ಆರಕ್ಕೆ. ಇನ್ನೊಂದು ಜಾಗ ಇದೆ, ಲಿಬುಶೆಗೂ ಗೊತ್ತಿಲ್ಲ. ಫೋನ್ ಮನೇಲಿಟ್ಟು ಬಾ."

ಅಡುಗೆಮನೆಯಿಂದ ಲಿಬುಶೆಯ ದನಿ ಬಂತು. "ಕಲ್ಲುಗಣಿ ಹಿಂದಿಂದು ತಾನೆ? ಹೋಗಿ, ಮಳೆ ಆಗಿದೆ. ಸಿಗತ್ತೆ."

ಮತೊಶೆಕ್ ಒಲೆಯ ಬಾಗಿಲನ್ನು ದಢಕ್ಕನೆ ಮುಚ್ಚಿದ. ಸ್ತಮಾತಿಯಾ ನಗು ತಡೆಯಲಾರದೆ ಕೋಣೆಗೆ ಓಡಿದಳು. ಸೋಮವಾರ ಅವಳು ಕಾಲೇಜಿನಿಂದ ಬರುವ ಹೊತ್ತಿಗೆ ಬಾಗಿಲ ಬಳಿ ಚಪ್ಪಲಿಗಳು ಜೋಡಿಯಾಗಿ ಕಾದಿದ್ದವು.