ರಶೀದಾ ಆರಿಸಿದ ಜೋಡಿ ಟರ್ಬೊ

ಎಂಜಿನ್ನಿನ ಹೊಗೆಯಿಂದಲೇ ತಿರುಗಿ, ಎಂಜಿನ್ನಿಗೇ ಗಾಳಿ ತುರುಕಿ ಬಲ ಹೆಚ್ಚಿಸುವ ಯಂತ್ರ ಟರ್ಬೊ. ಹರಿಹರದಲ್ಲಿ ಟರ್ಬೊ ರಿಪೇರಿ ಅಂಗಡಿ ಇಟ್ಟಿದ್ದ ರಶೀದಾ ಅದರ ಚಕ್ರವನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ, 'ಇದು ಇನ್ನೊಂದು ವರ್ಷ ಓಡ್ತೈತೆ, ಇದು ಮುಂದಿನ ಘಾಟಿ ಹತ್ತಲ್ಲ' ಅಂತ ಹೇಳಿಬಿಡುವಳು. ಹೇಳಿದ್ದು ಸುಳ್ಳಾಗಿದ್ದನ್ನು ಯಾವ ಲಾರಿ ಡ್ರೈವರೂ ಕಂಡಿಲ್ಲ. ಆದರೆ ಹನ್ನೆರಡು ವರ್ಷ ಅವಳು ಮಾಡಿದ್ದು ಬರೀ ರಿಪೇರಿ. ಯಾರೋ ಆರಿಸಿ ಕೂರಿಸಿದ್ದನ್ನು ತೊಳೆದು, ಬೇರಿಂಗ್ ಬದಲಿಸಿ ಕೊಡುವುದು. ಒಂದು ಎಂಜಿನ್ನಿಗಾದರೂ ತಾನೇ ಅಳೆದು ತಾನೇ ಟರ್ಬೊ ಆರಿಸಬೇಕೆಂಬ ಆಸೆ ಒಳಗೊಳಗೇ ಕಾಡುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಅಂಥ ಎಂಜಿನ್ ತಾನಾಗಿ ಬಾಗಿಲಿಗೆ ಬಂತು. ದಾವಣಗೆರೆ ಮಂಡಿಪೇಟೆಯ ಬಟ್ಟೆ ವ್ಯಾಪಾರಿ ಕೊಟ್ಟೂರೇಶ್ ಹಳೇ ಫಾರಿನ್ ಕಾರೊಂದನ್ನು ತಂದು ನಿಲ್ಲಿಸಿದರು. ಮೂರು ಲೀಟರ್, ಆರು ಸಿಲಿಂಡರ್, ಪೆಟ್ರೋಲ್. ಡಿಕ್ಕಿಯಲ್ಲಿ ಲಾರಿಯ ಎರಡು ದೊಡ್ಡ ಟರ್ಬೊ.

"ಇವೆರಡನ್ನೂ ಕೂಡಿಸ್ರಿ. ಲಾರಿಗೂ ಆರು ಸಿಲಿಂಡರ್, ಇದಕ್ಕೂ ಆರು. ಒಂದರ ಬದ್ಲು ಎರಡು ಹಾಕಿದ್ರೆ ಕಾರು ಹಾರಬೇಕು!"

ರಶೀದಾ ನಕ್ಕಳು. "ಹಾರಲ್ರಿ, ಮಲಗ್ತೈತೆ. ಎರಡು ಹಾಕಿದ್ರೆ ಒಂದೊಂದಕ್ಕೆ ಮೂರೇ ಸಿಲಿಂಡರಿನ ಹೊಗೆ. ಅಷ್ಟರಾಗೆ ಇಷ್ಟು ದೊಡ್ಡ ಚಕ್ರ ತಿರುಗಲ್ಲ. ಮೂರು ಜನರ ಅಡುಗೆಗೆ ಮದುವೆ ಹಂಡೆ ಇಟ್ಟಂಗಾತು."

"ನಿಮ್ಮಿಂದ ಆಗಲ್ಲ ಅಂದ್ರೆ ಬೆಂಗಳೂರಿಗೆ ಒಯ್ತೀನಿ."

ಅವರು ತಂದ ದೊಡ್ಡವಕ್ಕೇ ಹೂಂ ಅಂದರೆ ಕೆಲಸ ರಶೀದಾಳ ಕೈಯಲ್ಲಿ ಉಳಿಯುತ್ತಿತ್ತು, ಆಯ್ಕೆ ಮಾತ್ರ ಅವಳದಾಗುತ್ತಿರಲಿಲ್ಲ. "ಒಯ್ರಿ. ಅದಕ್ಕೂ ಮೊದ್ಲು ನನ್ನ ಒಂದ್ಸಲ ದಾವಣಗೆರೆ ತನಕ ಕರ್ಕೊಂಡು ಹೋಗಿ ಬರ್ರಿ."

ಹೋಗುತ್ತ ಬರುತ್ತ ಅವಳ ಕಣ್ಣೆಲ್ಲ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ ಅಂತ ತೋರಿಸುವ ಮುಳ್ಳಿನ ಮೇಲೆ. ಕೊಟ್ಟೂರೇಶ್ ಬಾಯಲ್ಲಿ ಹಾರಿದಷ್ಟು ರಸ್ತೆಯಲ್ಲಿ ಹಾರಲಿಲ್ಲ. ಮುಳ್ಳು ಮೂರು ಸಾವಿರ ದಾಟಲೇ ಇಲ್ಲ. ಇವರಿಗೆ ಬೇಕಾದದ್ದು ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಎಳೆಯುವ ಕಾರು, ಅಂದರೆ ಬೇಗ ತಿರುಗುವ ಸಣ್ಣ ಟರ್ಬೊ. ಲೆಕ್ಕ ಬರೆದು ತೋರಿಸಿದಳು. ಅವರು ಗೊಣಗುತ್ತಲೇ ಒಪ್ಪಿದರು. ಸಣ್ಣ ಡೀಸೆಲ್ ಕಾರಿನ ಎರಡು ಟರ್ಬೊ ತರಿಸಿದಳು, ಗಂಡ ಫಜಲುಲ್ಲಾ ಪೈಪು ಬೆಸೆದುಕೊಟ್ಟ. ಮೂರು ವಾರಕ್ಕೆ ಕಾರು ತಯಾರಾಯಿತು.

ಒಯ್ಯಲು ಬಂದ ದಿನ ಕೊಟ್ಟೂರೇಶ್ ಜೊತೆ ಮಗಳು ನಯನಾ ಇದ್ದಳು. ಅಪ್ಪ ಬೀಗದ ಕೈಯನ್ನು ಅವಳಿಗೇ ಕೊಟ್ಟು ತಾವು ಹಿಂದೆ ಕೂತರು. ರಶೀದಾ ಮುಂದೆ ಕೂತಳು. ಹೆದ್ದಾರಿಗೆ ಬಿದ್ದದ್ದೇ ತಡ, ಎರಡು ಸಾವಿರಕ್ಕೇ ಕಾರು ಮೂವರ ಬೆನ್ನನ್ನೂ ಸೀಟಿಗೆ ಒತ್ತಿತು. ಹಿಂದಿನಿಂದ "ಭೇಷ್!" ಬಂತು. ರಶೀದಾ ಹಿಗ್ಗಿ ಹೀರೇಕಾಯಿಯಾದಳು. ನಯನಾ ಕಾಲು ತೆಗೆಯಲಿಲ್ಲ. ನಾಲ್ಕು ಸಾವಿರ, ಐದು ಸಾವಿರ. ಅಲ್ಲಿಗೆ ಎಳೆತ ಸತ್ತೇಹೋಯಿತು. ಸಣ್ಣ ಟರ್ಬೊಗಳು ಅಷ್ಟು ಗಾಳಿ ಒದಗಿಸಲಾರದೆ ಸೋತಿದ್ದವು.

"ಆಂಟಿ, ಮ್ಯಾಲೆ ದಮ್ಮೇ ಇಲ್ವಲ್ಲ?"

"ನೀನು ಎಲ್ಲಿ ತನಕ ಒಯ್ತೀಯಮ್ಮ?"

"ಆರೂವರೆ ಸಾವಿರ. ಎರಡು ತಿಂಗಳಿಗೆ ಮದ್ರಾಸಿನ ರೇಸಿಗೆ ಹೆಸರು ಕೊಟ್ಟೀನಿ."

"ಕಾರು ಅವಳದೇ ರೀ," ಅಂದರು ಕೊಟ್ಟೂರೇಶ್. "ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಚೆನ್ನಾಗೇ ಐತಲ್ಲ, ಸಾಕು ಬಿಡ್ರಿ."

ರಶೀದಾಗೆ ನಾಚಿಕೆಯಾಯಿತು. ಅಂಗಡಿಗೆ ಬಂದವರು ಎದುರಿಗೇ ನಿಂತ ಅವಳನ್ನು ದಾಟಿ ಒಳಗೆ ಇಣುಕಿ 'ಮೆಕ್ಯಾನಿಕ್ ಎಲ್ಲಿ?' ಅನ್ನುತ್ತಿದ್ದರು, ಪ್ರತಿ ಸಲವೂ ಅವಳಿಗೆ ಉರಿದುಹೋಗುತ್ತಿತ್ತು. ಈಗ ತಾನು ಮಾಡಿದ್ದೂ ಅದನ್ನೇ. ಕಾರು ತಂದದ್ದು ಗಂಡಸು, ಹಾಗಾಗಿ ಓಡಿಸುವುದೂ ಗಂಡಸೇ ಅಂದುಕೊಂಡಿದ್ದಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು.

"ಸಾಕಾಗಲ್ರಿ," ಅಂದಳು. "ಲೆಕ್ಕ ಸರಿ ಐತೆ, ಆದ್ರೆ ನಾನು ಅಳೆದದ್ದು ನಿಮ್ಮನ್ನ. ತಪ್ಪು ನಂದೇ. ಎರಡೂ ಬಿಚ್ತೀನಿ."

"ಮತ್ತೆ ನನ್ನ ದೊಡ್ಡವನ್ನೇ ಹಾಕ್ತೀರೇನ್ರಿ?" ಕೊಟ್ಟೂರೇಶ್ ದನಿಯಲ್ಲಿ ಆಸೆ ಚಿಗುರಿತ್ತು.

"ಅವೂ ಬ್ಯಾಡ. ಎರಡೂವರೆ ಲೀಟರ್ ಡೀಸೆಲ್ ಜೀಪಿನವು ಹಾಕ್ತೀನಿ. ಆ ಜೀಪು ಜೋರಾಗಿ ಓಡುವಾಗ ಎಳ್ಕೊಳ್ಳೋ ಗಾಳಿನೂ, ಈಕೆ ಓಡಿಸುವಾಗ ಇದರ ಮೂರು ಸಿಲಿಂಡರ್ ಎಳ್ಕೊಳ್ಳೋ ಗಾಳಿನೂ ಹೆಚ್ಚು ಕಮ್ಮಿ ಒಂದೇ."

ಅಪ್ಪ ಬಾಯಿ ತೆರೆಯುವ ಮೊದಲೇ ನಯನಾ ಕಾರನ್ನು ಹರಿಹರದ ಕಡೆ ತಿರುಗಿಸಿದಳು. "ಎಷ್ಟು ದಿನ ಬೇಕು ಆಂಟಿ?"

"ಹತ್ತು. ಆದ್ರೆ ದಿನಾ ನೀನೇ ಬರಬೇಕು. ಓಡಿಸೋಳು ಕಣ್ಮುಂದೆ ಇಲ್ದೆ ನಾನು ಒಂದು ಬೋಲ್ಟೂ ಮುಟ್ಟಲ್ಲ."