ಎರಡನೆಯ ಮೊಳೆ

ಬೆಳಗಿನ ಕಾಫಿಯ ಹೊತ್ತು. ಉಪ್ಸಾಲಾದ ಪ್ರಯೋಗಾಲಯದ ಕಿಟಕಿಯಾಚೆ ನವೆಂಬರಿನ ಮಂಕು ಬೆಳಕು. ಸೂರ್ಯ ಮುಖ ತೋರಿಸಿ ಎಂಟು ದಿನವಾಗಿತ್ತು. ಆದರೂ ಕಿಟಕಿಯ ಕಟ್ಟೆಯ ಮೇಲೆ ಪುಟಾಣಿ ಫ್ಯಾನೊಂದು ಗಿರಗಿರ ತಿರುಗುತ್ತಿತ್ತು. ಅದಕ್ಕೆ ಕರೆಂಟು ಕೊಡುತ್ತಿದ್ದದ್ದು ಅಂಗೈಯಗಲದ ಗಾಜಿನ ಸೌರಕೋಶ. ಮುಂದೆ ಹಣ್ಣಿನ ರಸದಂಥ ಕೆಂಪು ಬಣ್ಣ, ಹಿಂದೆ ದುಬಾರಿ ಪ್ಲಾಟಿನಮ್ಮಿನ ಬದಲು ಒಂದು ಕಪ್ಪು ಪೊರೆ. ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕಿಗೆ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಇಂಗಾಲದ ಕೊಳವೆಗಳನ್ನು ಬೆರೆಸಿ ಬಳಿದದ್ದು. ಮಾಡಿದವಳು ತಾನೇ ಆದರೂ ತೂವಾ ದಿನವೂ ಅದರ ಮುಂದೆ ಬೆರಗಾಗಿ ನಿಲ್ಲುತ್ತಿದ್ದಳು.

"ಇಷ್ಟು ಬೆಳಕೂ ಸಾಕಲ್ಲ ಇದಕ್ಕೆ!"

ಮಧ್ಯಾಹ್ನ ಎರಡಕ್ಕೆ, ಅಲ್ಲಿನ ವಿಶ್ವವಿದ್ಯಾಲಯದ ಹಳೆಯ ಪದ್ಧತಿಯಂತೆ, ಅವಳು ತನ್ನ ಪಿಎಚ್‌ಡಿ ಪ್ರಬಂಧದ ಪುಸ್ತಕವನ್ನು ಕೆಳಮಹಡಿಯ ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕಿತ್ತು. ಮೂರು ವಾರ ಯಾರು ಬೇಕಾದರೂ ಓದಬಹುದು, ಆಮೇಲೆ ತುಂಬಿದ ಸಭೆಯಲ್ಲಿ ಪ್ರಶ್ನೆ ಕೇಳಬಹುದು. ಐದು ವರ್ಷದ ದುಡಿಮೆ ಅದರಲ್ಲಿತ್ತು.

ಗಾಜು ಕತ್ತರಿಸುವ ಗುನ್ವೋರ್ ಹಳೆಯ ಬಿಸ್ಕತ್ ಡಬ್ಬವೊಂದನ್ನು ತಂದು ಮೇಜಿನ ಮೇಲಿಟ್ಟಳು. ಒಳಗೆ ತೂವಾ ಇದೇ ರೀತಿ ಮಾಡಿದ್ದ, ಕಪ್ಪು ಪೊರೆ ಸುಲಿದು ಸತ್ತ ಹನ್ನೊಂದು ಕೋಶಗಳಿದ್ದವು.

"ಇವು ಪುಸ್ತಕದಲ್ಲಿ ಎಲ್ಲೂ ಕಾಣ್ಲಿಲ್ವಲ್ಲೇ, ತೂವಾ?"

ತೂವಾಳ ಮುಖ ಕೆಂಪೇರಿತು. "ಚೆನ್ನಾಗಿ ಬಂದಿದ್ದನ್ನೇ ಅಲ್ವಾ ಎಲ್ರೂ ಬರೆಯೋದು?"

"ಮತ್ತಿನ್ನೇನು!" ಎಂದರು ಅವಳ ಪ್ರೊಫೆಸರ್ ಹೋಲ್ಗೆರ್, ದಾಲ್ಚಿನ್ನಿ ಬನ್ನು ಮುರಿಯುತ್ತ. "ಆಗುತ್ತೆ ಅಂತ ತೋರಿಸೋಕೆ ಒಂದು ಸಾಕು. ಹನ್ನೊಂದು ಸತ್ತವು ಅಂತ ಡಂಗುರ ಹೊಡೆದ್ರೆ ಪರೀಕ್ಷಕರು ಸುಮ್ನೆ ಬಿಡ್ತಾರಾ? ನಿನ್ನ ಪದವಿಗೇ ಕಲ್ಲು ಬೀಳುತ್ತೆ."

"ಮೊದಲನೇ ವರ್ಷ ಈ ಮೇಜಿಗೆ ತಲೆ ಇಟ್ಟು ಅತ್ತಿದ್ದು ಯಾರಮ್ಮಾ?" ಗುನ್ವೋರ್ ಬಿಡಲಿಲ್ಲ. "ನೀನು ಯಾರದೋ ಲೇಖನ ನೋಡ್ಕೊಂಡು ನಲವತ್ತು ಕೋಶ ಮಾಡ್ದೆ. ಒಂದೂ ಬರ್ಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂತಿದ್ದೆ."

ತೂವಾ ಡಬ್ಬದೊಳಗೆ ಇಣುಕಿದಳು. ಅಯ್ಯೋ, ಆ ಲೇಖನ ಬರೆದವನ ಕಪಾಟಿನಲ್ಲೂ ಇಂಥದೇ ಡಬ್ಬ ಇದ್ದಿರಬೇಕು! ಈಗ ತನ್ನ ಪುಸ್ತಕ ಹಿಡಿದು ಇನ್ನೆಲ್ಲೋ ಒಬ್ಬಳು ಅಳುತ್ತಾಳೆ. ಅವಳು ಫ್ಯಾನಿನ ಕಡೆ ನೋಡಿದಳು. ಸತ್ತವುಗಳ ನಿಜ ಹೇಳಿದ ಮಾತ್ರಕ್ಕೆ ಅದೇನೂ ನಿಂತುಹೋಗುವುದಿಲ್ಲವಲ್ಲ.

ಎರಡು ಗಂಟೆಗೆ ಹಲಗೆಯ ಮುಂದೆ ಜನ ಸೇರಿದರು. ತೂವಾ ಸುತ್ತಿಗೆ ಎತ್ತಿ ಪುಸ್ತಕಕ್ಕೆ ಮೊಳೆ ಹೊಡೆದಳು. ಚಪ್ಪಾಳೆ ಬಿತ್ತು. ಅವಳು ಜೇಬಿನಿಂದ ಒಂದು ಹಾಳೆ ತೆಗೆದಳು. ಫ್ಯಾನಿನದೂ ಸೇರಿ ಹನ್ನೆರಡು ಕೋಶಗಳ ಪಟ್ಟಿ: ಯಾವುದು ಎಷ್ಟು ದಿನ ಬಾಳಿತು, ಪೊರೆ ಎಲ್ಲಿಂದ ಸುಲಿಯಿತು, ಎಲ್ಲವೂ ಇತ್ತು. ಹೋಲ್ಗೆರ್ ಅದನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಚಪ್ಪಾಳೆ ನಿಂತಿತು.

ಹೋಲ್ಗೆರ್ ಹಾಳೆಯನ್ನು ಹಲಗೆಗೆ ಒತ್ತಿ, ತಾವೇ ಮೊಳೆ ಹಿಡಿದು ನಿಂತರು.

"ಇಂಥದೊಂದು ಡಬ್ಬ ನಮ್ಮನೆ ಅಟ್ಟದಲ್ಲೂ ಇದೆ ಕಣೇ, ಮೂವತ್ತು ವರ್ಷದಿಂದ," ಎಂದರು ಮೆಲ್ಲಗೆ. "ಹೂಂ, ಹೊಡಿ. ನನ್ನ ಹೆಬ್ಬೆರಳು ಜೋಪಾನ."