ಪೈಪಿನ ಬಾಯಿಗೆ ಕಟ್ಟಿದ ಲುಂಗಿ

ಮುಂಬಯಿಯ ವಡಾಲದ ಚಾಳಿನಲ್ಲಿ ಮುರಿಗೆಪ್ಪ, ಭಾಗವ್ವ ದಂಪತಿಯದು ಪುಟ್ಟ ಲಾಂಡ್ರಿ. ಕೆಳಗೆ ಹಳೆಯ ಡ್ರೈಯರ್. ಮೇಲಿನ ಮರದ ಅಟ್ಟದಲ್ಲಿ ಬಾಣಂತಿ ಮಗಳು ನಾಗರತ್ನಾ, ಅವಳ ಮೂರು ತಿಂಗಳ ಕೂಸು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಆ ಡ್ರೈಯರೇ ಗತಿ. ಸೋಮವಾರ ಅದು ಗರಗರ ತಿರುಗಿತು, ಬಿಸಿ ಮಾತ್ರ ಆಗಲಿಲ್ಲ.

ರಿಪೇರಿಗೆ ಯಕ್ಷಿತಾ ಬಂದಳು. ಉಡುಪಿ ಕಡೆಯವಳು, ಮಷಿನ್ ಕೆಲಸ ಕಲಿತವಳು. ಮೊದಲು ಪ್ಲಗ್ ಕಿತ್ತಳು. ಆಮೇಲೆ ಹಿಂದಿನ ತಗಡು ಬಿಚ್ಚಿ ಮೀಟರ್ ಹಿಡಿದಳು.

"ಬಿಸಿ ಮಾಡುವ ಕಾಯಿಲ್ ಸರಿ ಉಂಟು ಕಾಕಾ. ಥರ್ಮಲ್ ಫ್ಯೂಸ್ ಹೋಗಿದೆ. ಮಷಿನ್ ಜಾಸ್ತಿ ಕಾದ್ರೆ ಇದು ಕರೆಂಟ್ ಕಟ್ ಮಾಡ್ತದೆ."

"ಅದ್ಯಾಕ ಬೇಕವಾ? ಎರಡೂ ವಾಯರ್ ಕೂಡಿಸಿಬಿಡು. ಊರಾಗ ಪಂಪಸೆಟ್ಟಿಗೆ ನಾ ಹಂಗ ಮಾಡ್ತಿದ್ದೆ," ಎಂದ ಮುರಿಗೆಪ್ಪ. ನಿನ್ನೆ ಮೊನ್ನೆಯ ಹುಡುಗಿಯಿಂದ ಹೇಳಿಸಿಕೊಳ್ಳುವುದು ಅವನಿಗೆ ಕಷ್ಟವೇ.

"ಕೂಡಿಸಿದ್ರೆ ಬಿಸಿ ಬರ್ತದೆ. ಆದ್ರೆ ಹೆಚ್ಚಾದ್ರೆ ನಿಲ್ಲಿಸ್ಲಿಕ್ಕೆ ಏನೂ ಇರುದಿಲ್ಲ. ಇದು ಯಾಕೆ ಹೋಯ್ತು ಅಂತ ನೋಡುವ."

ಅವಳು ಹಿಂದಿನ ಗಲ್ಲಿಗೆ ಹೋದಳು. ಬಿಸಿಗಾಳಿ ಹೊರಹೋಗುವ ಪೈಪಿನ ಬಾಯಿಗೆ ಯಾರೋ ಹಳೆಯ ಲುಂಗಿ ಬಿಗಿದಿದ್ದರು.

"ನಾನ ಕಟ್ಟೀನಿ," ಎಂದ ಮುರಿಗೆಪ್ಪ. "ಬ್ಯಾಸಗ್ಯಾಗ ಬಟ್ಟಿ ಧೂಳು ಹಾರಿ ನೀಲಾಬಾಯಿ ಹಪ್ಪಳದ ಮ್ಯಾಲ ಬೀಳತಿತ್ತು. ಬಾಜೂದವರ ಮನಸ್ಸು ಯಾಕ ಕೆಡಸೂದು ಅಂತ."

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಲುಂಗಿ ಬಿಚ್ಚಿದರೆ ಪೈಪಿನ ತುಂಬ ಧೂಳು. ಕಾಯಿಲ್ ಪಕ್ಕದಿಂದ ಯಕ್ಷಿತಾ ಇನ್ನೊಂದು ಹಿಡಿ ತೆಗೆದಳು. ಬಿಸಿಗಾಳಿ ಹೊರಹೋಗಲಾಗದೆ ಅದರ ಅಂಚು ಸುಟ್ಟು ಕಪ್ಪಾಗಿತ್ತು.

ಭಾಗವ್ವ ಅದನ್ನು ಮೂಸಿ ನೋಡಿ ಅಟ್ಟದ ಕಡೆ ಕತ್ತೆತ್ತಿದಳು. ಕೂಸಿನ ಜೋಳಿಗೆ ತೊಟ್ಟಿಲು ಸರಿಯಾಗಿ ಮಷಿನ್ನಿನ ಮೇಲೆಯೇ ತೂಗುತ್ತಿತ್ತು.

"ಕೂಸಿನ ಜೀವಾ ಉಳಿಸಿದ ಫ್ಯೂಸನ್ನ ತಗದು ಒಗಿ ಅಂತೀರಲ್ರೀ," ಎಂದಳು.

ಮುರಿಗೆಪ್ಪ ತಾನೇ ಕೂತು ಪೈಪನ್ನು ಉಜ್ಜಿ ತೊಳೆದು ಒರೆಸಿದ. ಯಕ್ಷಿತಾ ಅದೇ ಅಳತೆಯ ಹೊಸ ಫ್ಯೂಸ್ ಹಾಕಿದಳು. ಡ್ರೈಯರ್ ಬಿಸಿಯಾಯಿತು. ಸಂಜೆ ಅವನು ಸಂಕೋಚದಿಂದಲೇ ನೀಲಾಬಾಯಿಗೆ ವಿಷಯ ಹೇಳಿದ.

"ಇಷ್ಟಕ್ಕ ಯಾಕ ಕಟ್ಟಿದ್ಯೋ ಅಣ್ಣಾ? ಒಂದ ಮಾತ ಹೇಳಿದ್ರ ಹಪ್ಪಳ ಮಾಳಿಗಿ ಗಚ್ಚಿ ಮ್ಯಾಲ ಹಾಕ್ತಿದ್ದೆ," ಎಂದಳು ಅವಳು.

ನಿಮ್ಮಲ್ಲೂ ಡ್ರೈಯರ್ ಇದೆಯೇ? ಪ್ರತಿ ಸಲ ಬಟ್ಟೆಯ ಧೂಳು ಹಿಡಿಯುವ ಒಳಗಿನ ಜಾಲರಿಯನ್ನು ಚೊಕ್ಕ ಮಾಡಿ. ಬಿಸಿಯಾಗದಿದ್ದರೆ ಪ್ಲಗ್ ಕಿತ್ತು, ಕೆಲಸ ಬಲ್ಲವರನ್ನು ಕರೆಯಿರಿ. ಫ್ಯೂಸ್ ತಪ್ಪಿಸಿ ವಾಯರ್ ಕೂಡಿಸಲು ಯಾರನ್ನೂ ಬಿಡಬೇಡಿ. ಇದನ್ನು ಓದಿ ಮುಗಿಸಿದ ಕೂಡಲೇ ಹಿಂದೆ ಹೋಗಿ ಪೈಪಿನ ಬಾಯಿ ನೋಡಿ ಬನ್ನಿ. ನಿಮ್ಮ ಅಟ್ಟದಲ್ಲೂ ಒಂದು ಕೂಸು ಮಲಗಿರಬಹುದು.